ತಿರುವಿನಲ್ಲಿ ಮಾತ್ರ ಬರುವ ಸದ್ದು

ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಅಧ್ಯಾಪಕ ಮಿತ್ರರೇ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಒಂದು ದಿನದ ದುಡಿಮೆ ಬಿಟ್ಟು ಬಂದಿರುವ ಮೆಕ್ಯಾನಿಕ್ ಬಂಧುಗಳೇ,

"ನೇರ ಹೋದರೆ ಏನಿಲ್ಲ, ತಿರುಗಿಸಿದರೆ ಹಿಂದೆ ಕಟಕಟ ಅನ್ನುತ್ತೆ." ಟೊಮೆಟೊ ಮಂಡಿಯಿಂದ ನೇರವಾಗಿ ಗ್ಯಾರೇಜಿಗೆ ಬರುವ ಪಿಕಪ್ ಚಾಲಕನ ಈ ಒಂದು ಮಾತಿನಲ್ಲೇ ರೋಗದ ಅರ್ಧ ವಿವರ ಇದೆ. ಆದರೂ ಎಷ್ಟೋ ಸಲ ನಾವು ಆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಡಿಫರೆನ್ಷಿಯಲ್ ಹೌಸಿಂಗ್ ಇಳಿಸುತ್ತೇವೆ, ಕ್ರೌನ್ ಪಿನಿಯನ್ ಸೆಟ್ಟನ್ನೇ ಬದಲಾಯಿಸುತ್ತೇವೆ. ಸಾಲ ಮಾಡಿ ಗಾಡಿ ಕೊಂಡವನಿಗೆ ಅದು ತಿಂಗಳ ಕಂತಿಗಿಂತ ದೊಡ್ಡ ಖರ್ಚು. ಮೇಲಾಗಿ ಸುಗ್ಗಿಯಲ್ಲಿ ಗಾಡಿ ಎರಡು ದಿನ ನಿಂತರೆ ಬಾಡಿಗೆ ಬೇರೆಯವರ ಪಾಲಾಗುತ್ತದೆ. ಬಿಚ್ಚುವ ಮೊದಲು ಕೇಳಿಸಿಕೊಳ್ಳುವುದನ್ನು ಒಂದು ವಿದ್ಯೆಯಾಗಿ ಕಲಿಸಬೇಕು. ಈ ಸಂಕಿರಣದ ಆಶಯ ಇಷ್ಟೇ.

ಮೂಲ ವಿಷಯಕ್ಕೆ ಬರೋಣ. ಎರಡು ಹಿಂಚಕ್ರಗಳ ನಡುವೆ 1.3 ಮೀಟರ್ ಅಂತರವಿರುವ ಗಾಡಿ ಒಂದು ಪೂರ್ತಿ ಯೂ ಟರ್ನ್ ತೆಗೆದುಕೊಂಡಿತು ಅನ್ನಿ. ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4 ಮೀಟರ್ ಹೆಚ್ಚು ಉರುಳಬೇಕು. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಈ 4 ಮೀಟರ್ ಬದಲಾಗುವುದಿಲ್ಲ. ಆ ವ್ಯತ್ಯಾಸವನ್ನು ಹೊಂದಿಸುವುದು ಡಿಫರೆನ್ಷಿಯಲ್ ಒಳಗಿನ ಸ್ಟಾರ್ ಗೇರುಗಳು. ನೇರ ರಸ್ತೆಯಲ್ಲಿ ಅವು ತಮ್ಮ ಪಿನ್ನಿನ ಮೇಲೆ ತಿರುಗುವುದಿಲ್ಲ, ಕ್ರೌನ್ ಜೊತೆ ಒಂದೇ ಗಡ್ಡೆಯಾಗಿ ಸುತ್ತುತ್ತವೆ. ತಿರುವು ಬಂದಾಗ ಮಾತ್ರ ತಮ್ಮ ಕೆಲಸ ಶುರು ಮಾಡುತ್ತವೆ. ಹಾಗಾಗಿ ತಿರುವಿನಲ್ಲಿ ಮಾತ್ರ ಹುಟ್ಟಿ ನೇರದಲ್ಲಿ ಸಾಯುವ ಸದ್ದಿಗೆ ಮೊದಲು ಸಂಶಯಪಡಬೇಕಾದದ್ದು ಸ್ಟಾರ್ ಗೇರು, ಅದರ ಪಿನ್ನು, ಹಿಂದಿನ ವಾಷರುಗಳನ್ನು; ಕ್ರೌನನ್ನು ಅಲ್ಲ. ಕ್ರೌನ್ ಪಿನಿಯನ್ ಕೆಟ್ಟಿದ್ದರೆ ನೇರ ರಸ್ತೆಯಲ್ಲೂ ಗೋಳಿಡುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಒಂದು ದನಿ, ಬಿಟ್ಟಾಗ ಇನ್ನೊಂದು ದನಿ.

ಇಲ್ಲಿ ನಮ್ಮನ್ನು ದಾರಿ ತಪ್ಪಿಸುವುದು ಹಬ್ ಬೇರಿಂಗ್. ಅದೂ ತಿರುವಿನಲ್ಲೇ ಜೋರಾಗುತ್ತದೆ, ಆದರೆ ಕಾರಣ ಬೇರೆ. ಗಾಡಿ ಎಡಕ್ಕೆ ತಿರುಗಿದಾಗ ಭಾರ ಬಲಕ್ಕೆ ವಾಲುತ್ತದೆ, ಬಲಗಡೆ ಬೇರಿಂಗ್ ಸವೆದಿದ್ದರೆ ಆಗ ಗುರ್ರೆನ್ನುತ್ತದೆ. ಬಲಕ್ಕೆ ತಿರುಗಿದಾಗ ಸದ್ದು ಇಳಿಯುತ್ತದೆ. ಸ್ಟಾರ್ ಗೇರಿಗೆ ಎಡ ಬಲದ ಭೇದ ಅಷ್ಟಾಗಿ ಇಲ್ಲ. ನಮ್ಮಲ್ಲಿ ಕ್ರೇಟುಗಳನ್ನು ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸುತ್ತಾರೆ, ಆ ಎತ್ತರದಿಂದ ವಾಲುವ ಭಾರವೂ ಹೆಚ್ಚು. ಖಾಲಿ ಗಾಡಿಯನ್ನು ಓಡಿಸಿ ನೋಡಿ "ಸೌಂಡೇ ಇಲ್ಲವಲ್ಲ" ಅನ್ನುವವರು ಇದನ್ನು ನೆನಪಿಡಬೇಕು. ಸದ್ದು ಬಂದದ್ದು ಲೋಡ್ ಇದ್ದಾಗ. ಪರೀಕ್ಷೆಯೂ ಲೋಡ್ ಇದ್ದಾಗಲೇ ಆಗಬೇಕು.

ಕೈಯಿಂದಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ಪ್ರತಿ ವಿದ್ಯಾರ್ಥಿಯೂ ಮೊದಲ ವರ್ಷದಲ್ಲೇ ಮಾಡಬೇಕೆಂದು ನನ್ನ ಹಟ. ಸಮತಟ್ಟಾದ ನೆಲ, ಮುಂಚಕ್ರಗಳಿಗೆ ಅಡ್ಡಗಟ್ಟೆ, ಹಿಂದಿನ ಆಕ್ಸಲ್ ಎರಡೂ ಕಡೆ ಸ್ಟ್ಯಾಂಡ್ ಮೇಲೆ, ಎಂಜಿನ್ ಬಂದ್, ಗಾಡಿ ಗೇರಿನಲ್ಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಈಗ ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗುತ್ತದೆ. ಕ್ರೌನ್ ನಿಂತಿದೆ, ತಿರುಗುತ್ತಿರುವುದು ಸ್ಟಾರ್ ಗೇರುಗಳು. ಆಗ ತಡೆ, ಕಟಕ್ ಸದ್ದು, ಅತಿಯಾದ ಪ್ಲೇ ಕೈಗೇ ಸಿಗುತ್ತವೆ. ಇದರ ಬದಲು ಒಂದೇ ಚಕ್ರ ಎತ್ತಿ ಎಂಜಿನ್ ಓಡಿಸುವವರಿದ್ದಾರೆ. ಎತ್ತಿದ ಚಕ್ರ ದುಪ್ಪಟ್ಟು ವೇಗದಲ್ಲಿ ಸುತ್ತುತ್ತದೆ, ಗಾಡಿ ಜಾಕಿನಿಂದ ಹಾರಬಹುದು. ದಯವಿಟ್ಟು ಯಾರೂ ಅದನ್ನು ಮಾಡಬೇಡಿ, ಹುಡುಗರಿಗೆ ಮಾಡಲು ಬಿಡಬೇಡಿ.

ಇನ್ನು ಆಯಿಲ್. ಡ್ರೈನ್ ಪ್ಲಗ್ಗಿನ ಆಯಸ್ಕಾಂತಕ್ಕೆ ಅಂಟಿದ ನುಣ್ಣನೆಯ ಬೂದು ಕೆಸರು ಸಹಜ ಸವೆತ. ಚಕ್ಕೆ ಸಿಕ್ಕರೆ ಹಲ್ಲು ಮುರಿದಿರಬಹುದು. ಆಯಿಲ್ ಹಾಲಿನಂತಾಗಿದ್ದರೆ ನೀರು ಸೇರಿದೆ. 2021ರ ನವೆಂಬರ್ ಮಳೆಯಲ್ಲಿ ನಮ್ಮ ಕೆರೆಗಳು ಕೋಡಿ ಬಿದ್ದು ರಸ್ತೆಗಳ ಮೇಲೆ ನೀರು ಹರಿದದ್ದು ನಿಮಗೆ ನೆನಪಿದೆ. ಓಡಿ ಬಿಸಿಯಾದ ಹೌಸಿಂಗ್ ನೀರಿಗಿಳಿದು ತಟ್ಟನೆ ತಣ್ಣಗಾದಾಗ ಒಳಗಿನ ಗಾಳಿ ಕುಗ್ಗುತ್ತದೆ. ಗಾಳಿಯಾಡುವ ಬ್ರೀದರ್ ಮಣ್ಣಿನಿಂದ ಮುಚ್ಚಿದ್ದರೆ ಸವೆದ ಸೀಲಿನ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ತುಕ್ಕು ಹಿಡಿದ ಬೇರಿಂಗ್ ಸದ್ದು ಮಾಡುವುದು ತಿಂಗಳುಗಳ ನಂತರ, ಆಗ ಯಾರೂ ಅದನ್ನು ಆ ಮಳೆಗೆ ಜೋಡಿಸುವುದಿಲ್ಲ.

ಟೈರುಗಳನ್ನೂ ನೋಡಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಬೋಳು ಇದ್ದರೆ ಎರಡರ ಸುತ್ತಳತೆ ಬೇರೆ. ಮುಳಬಾಗಿಲಿನಿಂದ ಚೆನ್ನೈವರೆಗೆ ನೇರ ಹೆದ್ದಾರಿಯಲ್ಲೂ ಸ್ಟಾರ್ ಗೇರಿಗೆ ಬಿಡುವಿಲ್ಲ. ಮಾಲೂರಿನ ಇಟ್ಟಿಗೆ ಟ್ರ್ಯಾಕ್ಟರುಗಳದ್ದು ಮತ್ತೊಂದು ಕಥೆ: ಡಿಫರೆನ್ಷಿಯಲ್ ಲಾಕಿನ ಪೆಡಲ್ ಕೆಸರಿನಲ್ಲಿ ಸಿಕ್ಕಿಕೊಂಡು ಹಾಗೇ ಟಾರು ರಸ್ತೆಗೆ ಬಂದರೆ ತಿರುವಿನಲ್ಲಿ ಟೈರು ಉಜ್ಜಿ, ಒಳಗೆ ಬಡಿತ ಏಳುತ್ತದೆ. ಅಲ್ಲಿ ಸರಿಯಾಗಬೇಕಾದದ್ದು ಪೆಡಲಿನ ಸ್ಪ್ರಿಂಗ್ ಮಾತ್ರ.

ಇದೆಲ್ಲ ಇಲ್ಲಿ ಕುಳಿತ ಹಿರಿಯ ಮೆಕ್ಯಾನಿಕ್‌ಗಳಿಗೆ ಗೊತ್ತು. ಅವರ ಕಿವಿಯಲ್ಲಿರುವುದು ಎಲ್ಲೂ ದಾಖಲಾಗಿಲ್ಲ ಎಂಬುದೇ ನನ್ನ ಸಂಕಟ. ಕಾಲೇಜಿನ ಹುಡುಗ ಗೇರಿನ ಅನುಪಾತ ಲೆಕ್ಕ ಹಾಕಬಲ್ಲ, ಆದರೆ ಬೇರಿಂಗಿನ ಗುರುಗುಟ್ಟುವಿಕೆಗೂ ಹಲ್ಲಿನ ಕಟಕಟಕ್ಕೂ ವ್ಯತ್ಯಾಸ ಕೇಳಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ನಾವೆಲ್ಲ ಸೇರಿ ಕನ್ನಡದಲ್ಲಿ ಒಂದು ಪುಟದ ತಪಾಸಣಾ ಪತ್ರ ಸಿದ್ಧಪಡಿಸೋಣ. ಸದ್ದು ಎಡ ತಿರುವಿನಲ್ಲೋ ಬಲದಲ್ಲೋ ಎರಡರಲ್ಲೋ, ಲೋಡ್ ಇತ್ತೋ ಇಲ್ಲವೋ, ನೀರಿನಲ್ಲಿ ಹೋಗಿತ್ತೋ, ಟೈರು ಯಾವಾಗ ಬದಲಾಯಿಸಿದ್ದು ಎಂಬುದನ್ನು ಚಾಲಕನಿಂದಲೇ ಕೇಳಿ ಬರೆಯೋಣ. ಬಿಚ್ಚಿದ ಮೇಲೆ ನಿಜವಾಗಿ ಕೆಟ್ಟದ್ದು ಯಾವ ಭಾಗ ಎಂಬುದಕ್ಕೆ ಅದೇ ಪುಟದ ಕೆಳಗೆ ಜಾಗ ಬಿಡೋಣ. ಸದ್ದುಗಳ ಧ್ವನಿಮುದ್ರಣ ಮಾಡಿಕೊಳ್ಳುವ ಹೊಣೆಯನ್ನು ಅಧ್ಯಾಪಕರು ಹೊರಲಿ. ಮುಂದಿನ ಮಾವಿನ ಸುಗ್ಗಿಗೆ ಶ್ರೀನಿವಾಸಪುರದ ಗಾಡಿಗಳು ರಸ್ತೆಗಿಳಿಯುವ ಮೊದಲು ಈ ಪತ್ರ ನಾಲ್ಕೂ ತಾಲ್ಲೂಕುಗಳ ಗ್ಯಾರೇಜುಗಳನ್ನು ತಲುಪಬೇಕೆಂದು ಕೇಳಿಕೊಂಡು, ಸಂಕಿರಣವನ್ನು ನಿಮ್ಮ ಚರ್ಚೆಗೆ ಒಪ್ಪಿಸುತ್ತೇನೆ.