ಓದೂ ಒಂದು ದುಡಿಮೆ: ಕಾಲೇಜು ವಿದ್ಯಾರ್ಥಿಗಳ ಊಟ ಮತ್ತು ಸರ್ಕಾರದ ಹೊಣೆ



ಉನ್ನತ ಶಿಕ್ಷಣ ಮತ್ತು ಆಹಾರ ಭದ್ರತೆ ಕುರಿತ ಈ ವಿಚಾರ ಸಂಕಿರಣದಲ್ಲಿ ಆಶಯದ ಮಾತುಗಳನ್ನಾಡಲು ಸಂಘಟಕರು ನನ್ನನ್ನು ಕರೆದಿದ್ದಾರೆ. ನಾನು ಒಂದೇ ಪ್ರಶ್ನೆ ಹಿಡಿದು ಬಂದಿದ್ದೇನೆ. ಬಡ ವಿದ್ಯಾರ್ಥಿಯೊಬ್ಬಳಿಗೆ ಸರ್ಕಾರದ ಆಹಾರ ನೆರವು ಸಿಗಬೇಕಾದರೆ, ಅವಳು ಓದುತ್ತಿದ್ದಾಳೆ ಎಂಬುದಷ್ಟೇ ಸಾಲದೆ? ಓದಿನ ಜೊತೆಗೆ ಕೂಲಿಯ ಲೆಕ್ಕವನ್ನೂ ಅವಳು ಒಪ್ಪಿಸಬೇಕೆ? ಅಮೆರಿಕದಲ್ಲಿ ಈ ಪ್ರಶ್ನೆಗೆ ಕಾನೂನೇ ಉತ್ತರ ಹೇಳಿದೆ. ಆ ಉತ್ತರದ ಫಲ ಏನಾಯಿತು ಎಂಬುದರಿಂದ ನಾವು ಕಲಿಯುವುದು ಬಹಳ ಇದೆ.

ಅಲ್ಲಿ ಬಡವರ ಆಹಾರ ನೆರವಿಗೆ ಬುನಾದಿ ಹಾಕಿದ್ದು 1964ರ ಫುಡ್ ಸ್ಟ್ಯಾಂಪ್ ಕಾಯ್ದೆ. 2008ರಿಂದ ಈ ಯೋಜನೆಗೆ ಸ್ನ್ಯಾಪ್ ಎಂಬ ಹೆಸರು. ಪ್ರತಿ ತಿಂಗಳು ಕಾರ್ಡಿಗೆ ಹಣ ಜಮೆಯಾಗುತ್ತದೆ. ಅದರಿಂದ ಆಹಾರ ಪದಾರ್ಥಗಳನ್ನು ಮಾತ್ರ ಕೊಳ್ಳಬಹುದು. 1970ರ ದಶಕದಲ್ಲಿ, ಅನುಕೂಲಸ್ಥರ ಮಕ್ಕಳೂ ವಿದ್ಯಾರ್ಥಿಗಳೆಂದು ಹೇಳಿಕೊಂಡು ಈ ನೆರವು ಪಡೆಯುತ್ತಿದ್ದಾರೆ ಎಂಬ ಕೂಗು ಎದ್ದಿತು. 1980ರ ತಿದ್ದುಪಡಿ ಕಾಲೇಜು ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರನ್ನು ಹೊರಗಿಟ್ಟಿತು. ಇಂದಿಗೂ 18ರಿಂದ 49 ವಯಸ್ಸಿನೊಳಗಿನವರು ಕಾಲೇಜಿನಲ್ಲಿ ಪೂರ್ಣ ಓದಿನ ಅರ್ಧದಷ್ಟಾದರೂ ಪಾಠಗಳಿಗೆ ಸೇರಿದ್ದರೆ, ಆದಾಯ ಎಷ್ಟೇ ಕಡಿಮೆಯಿರಲಿ, ನೆರವಿಗೆ ಅನರ್ಹರು. ವಾರಕ್ಕೆ 20 ಗಂಟೆ ಸಂಬಳದ ಕೆಲಸ, ಕ್ಯಾಂಪಸ್ಸಿನ ಸರ್ಕಾರಿ ಅನುದಾನಿತ ಕೆಲಸ, ಆರು ವರ್ಷದೊಳಗಿನ ಮಗುವಿನ ಪಾಲನೆ, ಅಂಗವೈಕಲ್ಯ, ಹೀಗೆ ಪಟ್ಟಿ ಮಾಡಿದ ಕೆಲವು ವಿನಾಯಿತಿಗಳಲ್ಲಿ ಒಂದಾದರೂ ಇದ್ದರೆ ಮಾತ್ರ ದಾರಿ.

ಈ ವಿನಾಯಿತಿಗಳಿಗೆ ಯಾವ ಅರ್ಥ ಕೊಡುತ್ತಾರೆ ಎಂಬುದರ ಮೇಲೆ ಸಾವಿರಾರು ಮಕ್ಕಳ ಊಟ ನಿಂತಿದೆ. ಮಿಷಿಗನ್ ರಾಜ್ಯವನ್ನೇ ನೋಡಿ. ಅಲ್ಲಿ ಕಾಲೇಜಿನ ಓದನ್ನೇ ಉದ್ಯೋಗ ತರಬೇತಿಯೆಂದು ಒಪ್ಪಿ ನೆರವು ಕೊಡುತ್ತಿದ್ದರು. 2011ರಲ್ಲಿ ಗವರ್ನರ್ ರಿಕ್ ಸ್ನೈಡರ್ ಅವರ ಆಡಳಿತ ಆ ಪದ್ಧತಿಯನ್ನು ಕೈಬಿಟ್ಟಿತು. ಸುಮಾರು 30,000 ವಿದ್ಯಾರ್ಥಿಗಳ ಹೆಸರು ಪಟ್ಟಿಯಿಂದ ಹೋಯಿತು. ವರ್ಷಕ್ಕೆ ಸುಮಾರು 7.5 ಕೋಟಿ ಡಾಲರ್ ಉಳಿತಾಯ ಎಂದು ಇಲಾಖೆ ಹೇಳಿತು. ವಿದ್ಯಾರ್ಥಿಗಳು ಕೆಲಸ ಹುಡುಕಿಕೊಳ್ಳಲಿ ಎಂಬುದು ಅದರ ಹಿಂದಿನ ವಾದ. ಕ್ಯಾಲಿಫೋರ್ನಿಯಾ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ಉದ್ಯೋಗಾರ್ಹತೆ ಹೆಚ್ಚಿಸುವ ಕಾಲೇಜು ಕಾರ್ಯಕ್ರಮಗಳನ್ನು ಗುರುತಿಸಿ, ಅವುಗಳಲ್ಲಿ ಓದುವವರಿಗೆ ವಿನಾಯಿತಿ ಸಿಗುವಂತೆ 2014ರಿಂದ ಕಾನೂನು ಮಾಡುತ್ತ ಬಂತು. ಕೇಂದ್ರದ ಕಾಯ್ದೆ ಎರಡೂ ರಾಜ್ಯಗಳಿಗೆ ಒಂದೇ. ಮಿಷಿಗನ್ ಕೂಡ ಹತ್ತು ವರ್ಷಗಳ ನಂತರ, 2021ರಲ್ಲಿ, ಕಮ್ಯುನಿಟಿ ಕಾಲೇಜುಗಳಲ್ಲಿ ವೃತ್ತಿ ಶಿಕ್ಷಣ ಪಡೆಯುವವರಿಗೆ ಮತ್ತೆ ಬಾಗಿಲು ತೆರೆಯಿತು. ಬಾಗಿಲು ಮುಚ್ಚಿದ್ದು ಆಡಳಿತದ ತೀರ್ಮಾನ, ತೆರೆದದ್ದೂ ಆಡಳಿತದ ತೀರ್ಮಾನ. ನಡುವಿನ ಹತ್ತು ವರ್ಷಗಳಲ್ಲಿ ಓದಿದವರ ಪಾಲಿಗೆ ಆ ಊಟ ಹೋದದ್ದು ಹೋಯಿತು.

ಕೊರೊನಾ ಕಾಲದ ಅನುಭವವೂ ಇದೇ ಪಾಠ ಹೇಳುತ್ತದೆ. ಕುಟುಂಬ ಓದಿಗೆ ಏನನ್ನೂ ಕೊಡಲಾರದು ಎಂದು ಶಿಕ್ಷಣ ನೆರವಿನ ಲೆಕ್ಕದಲ್ಲಿ ತೀರ್ಮಾನವಾದ ವಿದ್ಯಾರ್ಥಿಗಳಿಗೆ 2021ರ ಜನವರಿಯಿಂದ ತಾತ್ಕಾಲಿಕವಾಗಿ ಅರ್ಹತೆ ಕೊಟ್ಟರು. 2023ರ ಮೇ ತಿಂಗಳಲ್ಲಿ ಆರೋಗ್ಯ ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿ ಅದನ್ನು ಹಿಂದಕ್ಕೆ ಪಡೆಯತೊಡಗಿದರು. ಸಾಂಕ್ರಾಮಿಕ ಮುಗಿದಿರಬಹುದು, ಆ ಮನೆಗಳ ಬಡತನ ಮುಗಿದಿರಲಿಲ್ಲ. 2025ರ ಜುಲೈ 4ರಂದು ಸಹಿಯಾದ ಹೊಸ ಕಾಯ್ದೆ ಇನ್ನೂ ಮುಂದೆ ಹೋಗಿದೆ. ಹತ್ತು ವರ್ಷಗಳಲ್ಲಿ ಸ್ನ್ಯಾಪ್ ವೆಚ್ಚದಿಂದ ಸುಮಾರು 18,600 ಕೋಟಿ ಡಾಲರ್ ಕಡಿತವಾಗಲಿದೆ ಎಂಬುದು ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜು. ನೆರವು ನೀಡುವಾಗ ಆಗುವ ಲೆಕ್ಕದ ತಪ್ಪುಗಳ ಪ್ರಮಾಣ ಹೆಚ್ಚಿರುವ ರಾಜ್ಯಗಳು 2028ರ ಹಣಕಾಸು ವರ್ಷದಿಂದ ನೆರವಿನ ಹಣದಲ್ಲಿ ಪಾಲು ಕಟ್ಟಬೇಕು. ವಿದ್ಯಾರ್ಥಿಗಳ ಅರ್ಜಿಯಲ್ಲೇ ನಿಯಮಗಳ ಸಿಕ್ಕು ಹೆಚ್ಚು. ತಪ್ಪಿಗೆ ಹೆದರಿ ರಾಜ್ಯಗಳು ಮೊದಲು ಅವರನ್ನೇ ದೂರ ಇಡಬಹುದೆಂಬ ಆತಂಕ ನನ್ನದು.

ಕಡಿತದ ಪರವಾಗಿ ಮಾತಾಡುವವರನ್ನು ನಾವು ಗಂಭೀರವಾಗಿ ಕೇಳಿಸಿಕೊಳ್ಳಬೇಕು. ತೆರಿಗೆಯ ಹಣ ಉಳ್ಳವರ ಮಕ್ಕಳಿಗೆ ಹೋಗಬಾರದು ಎಂಬ ಮಾತು ನ್ಯಾಯವಾದದ್ದೇ. ಅದಕ್ಕೆ ಆದಾಯದ ಮಿತಿ ಇದೆ. ಅದನ್ನು ಬಿಗಿಯಾಗಿ ನೋಡಲಿ. ಆದರೆ 1980ರ ನಿಯಮದ ಕಣ್ಣಲ್ಲಿರುವುದು ಅಪ್ಪ ಅಮ್ಮ ಸಾಕುತ್ತಿರುವ ಹದಿನೆಂಟರ ಹುಡುಗ. ಇಂದಿನ ಅಮೆರಿಕದ ಕಾಲೇಜಿನಲ್ಲಿ ಕೂತಿರುವವರು ಬೇರೆ. ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ 2018ರ ವರದಿಯ ಪ್ರಕಾರ ಸುಮಾರು ಅರ್ಧದಷ್ಟು ವಿದ್ಯಾರ್ಥಿಗಳಿಗೆ ತಂದೆ ತಾಯಿಯ ಹಣದ ಆಸರೆ ಇಲ್ಲ. ನೂರಕ್ಕೆ 22 ಮಂದಿ ತಾವೇ ಮಕ್ಕಳನ್ನು ಸಾಕುತ್ತಿರುವವರು. ಅದೇ ಕಚೇರಿಯ 2024ರ ವರದಿ, 2020ರಲ್ಲಿ ಸುಮಾರು 38 ಲಕ್ಷ ವಿದ್ಯಾರ್ಥಿಗಳು, ಅಂದರೆ ನೂರಕ್ಕೆ 23 ಮಂದಿ, ಆಹಾರದ ಅಭದ್ರತೆಯಲ್ಲಿದ್ದರೆಂದು ಅಂದಾಜಿಸಿದೆ.

ಇನ್ನು ದುಡಿದು ಉಣ್ಣಲಿ ಎಂಬ ವಾದ. ಅಧ್ಯಾಪಕರಾದ ನಮಗೆ ಓದೆಂದರೆ ಏನೆಂದು ಗೊತ್ತು. ತರಗತಿ, ಪ್ರಯೋಗಾಲಯ, ಗ್ರಂಥಾಲಯ, ಪರೀಕ್ಷೆ, ಇವೆಲ್ಲ ಸೇರಿದರೆ ಅದೇ ದಿನವಿಡೀ ದುಡಿಮೆ. ಅದರ ಮೇಲೆ ವಾರಕ್ಕೆ 20 ಗಂಟೆ ಕೌಂಟರಿನಲ್ಲಿ ನಿಂತರೆ ತಪ್ಪುವುದು ತರಗತಿ. ತರಗತಿ ತಪ್ಪಿದರೆ ಪದವಿ ಮುಂದಕ್ಕೆ ಹೋಗುತ್ತದೆ. ಎಷ್ಟೋ ಜನರಿಗೆ ಕೈಗೇ ಸಿಗುವುದಿಲ್ಲ, ಶಿಕ್ಷಣ ಸಾಲ ಮಾತ್ರ ಉಳಿಯುತ್ತದೆ. ಶುಲ್ಕಕ್ಕೆ ಅನುದಾನ ಕೊಟ್ಟು ಸೀಟಿನಲ್ಲಿ ಕೂರಿಸುವ ಸರ್ಕಾರವೇ ಊಟ ಕಿತ್ತುಕೊಂಡು ಆ ಸೀಟಿನಿಂದ ಎಬ್ಬಿಸಿದರೆ ಉಳಿತಾಯವಾದದ್ದೇನು? ಮೊದಲು ಹಾಕಿದ ಹಣವೂ ಪೋಲಾದಂತೆ.

ಸರ್ಕಾರ ಹಿಂದೆ ಸರಿದ ಜಾಗವನ್ನು ತುಂಬಲು ಕ್ಯಾಂಪಸ್ಸಿನ ಜನ ಮುಂದೆ ಬಂದಿದ್ದಾರೆ. ಅದೇ ಮಿಷಿಗನ್ನಿನ ರಾಜ್ಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳೇ ನಡೆಸುವ ಆಹಾರ ಭಂಡಾರ 1993ರಿಂದ ಇದೆ. ಇಂದು ಇಂಥ ಭಂಡಾರಗಳು ದೇಶದ ನೂರಾರು ಕಾಲೇಜುಗಳಲ್ಲಿವೆ. ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ಸ್ನ್ಯಾಪ್ ಇಲ್ಲವೇ ಇಲ್ಲ. ಹಾಗಾಗಿ ಇಲ್ಲಿಂದ ಹೋದ ನಮ್ಮ ಮಕ್ಕಳಿಗೂ ಕಷ್ಟಕಾಲದಲ್ಲಿ ಇವೇ ಆಸರೆ. ಆ ದಾನಿಗಳ ಬಗ್ಗೆ ನನಗೆ ಅಪಾರ ಗೌರವ. ಆದರೆ ದಾನ ಬಂದಷ್ಟೇ ಹಂಚಬಹುದು. ತಿಂಗಳ ಕೊನೆಯವರೆಗೂ ಊಟವಿದೆ ಎಂಬ ಭರವಸೆ ಹಕ್ಕಿನಿಂದ ಮಾತ್ರ ಬರುತ್ತದೆ.

ಓದುವವರ ಊಟ ಊರಿನ ಹೊಣೆ ಎಂಬ ತಿಳಿವಳಿಕೆ ನಮ್ಮ ನಾಡಿಗೆ ಹೊಸತಲ್ಲ. ವಾರಾನ್ನ ಉಂಡು ಓದಿದ ಹಿರಿಯರು ನಮ್ಮಲ್ಲಿ ಬಹಳ ಮಂದಿ. ಆದರೆ ವಾರಾನ್ನಕ್ಕೆ ಜಾತಿಯ ಗೆರೆಯಿತ್ತು. ಆ ಗೆರೆಯಾಚೆ ಉಳಿದವರಿಗೆ ಅನ್ನವಿಟ್ಟದ್ದು ಸಿದ್ಧಗಂಗೆಯಂಥ ಮಠಗಳ ದಾಸೋಹ, ಸಮುದಾಯಗಳ ಉಚಿತ ಪ್ರಸಾದ ನಿಲಯಗಳು, ಮುಂದೆ ಸರ್ಕಾರಿ ಹಾಸ್ಟೆಲುಗಳು. ಅಲ್ಲಿ ಯಾರೂ ಕೂಲಿಯ ಲೆಕ್ಕ ಕೇಳಲಿಲ್ಲ; ಓದುತ್ತಿರುವುದೇ ಅರ್ಹತೆಯಾಗಿತ್ತು. ಹಾಗೆಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಅಕ್ಷರ ದಾಸೋಹದ ಬಿಸಿಯೂಟ ಹತ್ತನೇ ತರಗತಿಗೆ ನಿಲ್ಲುತ್ತದೆ. ಹಾಸ್ಟೆಲಿನಲ್ಲಿ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗಾಗಿ ಬಂದ ವಿದ್ಯಾಸಿರಿ ಯೋಜನೆ ಆರಂಭದಲ್ಲಿ ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿಯನ್ನು ಹತ್ತು ತಿಂಗಳ ಮಟ್ಟಿಗೆ ನಿಗದಿ ಮಾಡಿತ್ತು. ಪೇಟೆಯ ಬೆಲೆ ಏರಿದಂತೆ ಇಂಥ ಮೊತ್ತ ಏರದಿದ್ದರೆ ಅದೂ ಸದ್ದಿಲ್ಲದ ಕಡಿತವೇ.

ಆದ್ದರಿಂದ ಗೋಷ್ಠಿಗಳ ಮುಂದೆ ಮೂರು ಕೆಲಸಗಳನ್ನು ಇಡುತ್ತೇನೆ. ಮೊದಲನೆಯದು, ನಮ್ಮ ಕಾಲೇಜುಗಳಲ್ಲಿ ತಿಂಡಿ, ಊಟ ಬಿಟ್ಟು ತರಗತಿಗೆ ಬರುವವರೆಷ್ಟು ಎಂದು, ಹೆಸರು ಕೇಳದೆ, ಅವಮಾನವಾಗದಂತೆ ಎಣಿಸುವ ವಿಧಾನ ರೂಪಿಸಬೇಕು. ಎರಡನೆಯದು, ಊಟದ ನೆರವಿನ ಮೊತ್ತವನ್ನು ಬೆಲೆ ಸೂಚ್ಯಂಕಕ್ಕೆ ಜೋಡಿಸುವ ಪ್ರಸ್ತಾವವನ್ನು ಸರ್ಕಾರದ ಮುಂದಿಡಬೇಕು. ಮೂರನೆಯದು, ಯಾವುದೇ ನೆರವಿನ ಕಡಿತಕ್ಕೆ ಮುನ್ನ ಎಷ್ಟು ಜನ ಓದು ಬಿಡಬಹುದೆಂಬ ಅಂದಾಜನ್ನೂ ಉಳಿತಾಯದ ಅಂಕಿಯ ಪಕ್ಕದಲ್ಲಿ ಬರೆಯಬೇಕೆಂದು ಒತ್ತಾಯಿಸಬೇಕು. ಈ ಮೂರಕ್ಕೂ ಸ್ಪಷ್ಟ ನಿರ್ಣಯ ಹೊರಬಿದ್ದರೆ ಈ ಸಂಕಿರಣ ಸಾರ್ಥಕ.