ಮೂವತ್ತೆಂಟು ಸೆಕೆಂಡಿನ ಚಾಂಪಿಯನ್, ಮತ್ತು ಬೈಸಿಕೊಂಡ ಗ್ಲಾಕ್



ಇವತ್ತು ನಾನು ಒಂದು ರೇಸ್ ಬಗ್ಗೆ ಮಾತಾಡ್ತೀನಿ. ಅದಕ್ಕಿಂತ ಹೆಚ್ಚಾಗಿ, ಆ ರೇಸ್ ನೋಡಿದ ಜನ ಆಮೇಲೆ ಏನು ಮಾಡಿದ್ರು ಅನ್ನೋದರ ಬಗ್ಗೆ. ಪುಣೆಯ ನಮ್ಮ ಕನ್ನಡದ ಗುಂಪಿನಲ್ಲಿ ಫಾರ್ಮುಲಾ ಒನ್ ನೋಡೋರು ಐದಾರು ಜನ ಇದ್ದೀವಿ, ಉಳಿದವರಿಗೆ ಅದು "ಕಾರು ಸುಮ್ನೆ ಸುತ್ತು ಹಾಕೋ ಆಟ". ಇರ್ಲಿ. ಅವರಿಗೂ ಗೊತ್ತಾಗೋ ಹಾಗೆ ಹೇಳ್ತೀನಿ, ಕೂಡೋ ಲೆಕ್ಕ ಬಂದ್ರೆ ಸಾಕು.

2008ರ ನವೆಂಬರ್ 2. ಬ್ರೆಜಿಲ್‌ನ ಸಾವೊ ಪಾಲೊ ಊರಿನ ಇಂಟರ್‌ಲಾಗೋಸ್ ಟ್ರ್ಯಾಕ್. ಸೀಸನ್‌ನ ಕೊನೇ ರೇಸ್. ನಮ್ಮಲ್ಲಿ ಭಾನುವಾರ ರಾತ್ರಿ ಹತ್ತೂವರೆ. ಬೆಳಿಗ್ಗೆ ಕ್ಲಾಸೋ ಆಫೀಸೋ ಇದ್ದವರು ಮನೆಯವರಿಗೆ ಎಚ್ಚರ ಆಗದಂಗೆ ಟಿವಿ ಸೌಂಡ್ ಕಮ್ಮಿ ಮಾಡಿಕೊಂಡು ನೋಡಿದ ರೇಸ್ ಅದು. ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡಕ್ಕೆ ಅದು ಮೊದಲನೇ ವರ್ಷ. ವರ್ಷ ಪೂರ್ತಿ ಒಂದು ಪಾಯಿಂಟೂ ಬರಲಿಲ್ಲ, ಆದ್ರೂ ಬೆಂಗಳೂರಿನ ಹುಡುಗರಿಗೆ ರೇಸ್ ನೋಡೋಕೆ ಅದೊಂದು ನೆಪ ಆಗಿತ್ತು.

ಲೆಕ್ಕ ಹೀಗಿತ್ತು. ಮೆಕ್‌ಲಾರೆನ್‌ನ ಲೂಯಿಸ್ ಹ್ಯಾಮಿಲ್ಟನ್ ಹತ್ತಿರ 94 ಪಾಯಿಂಟ್. ಫೆರಾರಿಯ ಫೆಲಿಪೆ ಮಾಸಾ ಹತ್ತಿರ 87. ಆಗ ಗೆದ್ದವರಿಗೆ 10, ಐದನೇ ಸ್ಥಾನಕ್ಕೆ 4, ಆರನೇದಕ್ಕೆ 3. ಮಾಸಾ ರೇಸ್ ಗೆದ್ದರೂ ಹ್ಯಾಮಿಲ್ಟನ್ ಐದನೆಯವನಾಗಿ ಬಂದ್ರೆ 98ಕ್ಕೆ 97, ಹ್ಯಾಮಿಲ್ಟನ್ ಚಾಂಪಿಯನ್. ಆರನೆಯವನಾದ್ರೆ ಇಬ್ಬರಿಗೂ 97, ಹೆಚ್ಚು ರೇಸ್ ಗೆದ್ದ ಮಾಸಾ ಚಾಂಪಿಯನ್. ಮಾಸಾ ಸಾವೊ ಪಾಲೊದಲ್ಲೇ ಹುಟ್ಟಿದ ಹುಡುಗ. ಸ್ಟ್ಯಾಂಡ್ ತುಂಬಾ ಅವನದೇ ಜನ.

71 ಸುತ್ತಿನ ರೇಸ್. ಮಾಸಾ ಮೊದಲಿಂದ ಕೊನೆವರೆಗೂ ಒಂದು ತಪ್ಪಿಲ್ಲದೆ ಓಡಿಸಿದ. ಕೊನೆಗೆ ಕೆಲವೇ ಸುತ್ತು ಉಳಿದಾಗ ಮಳೆ ಬಂತು. ಮುಂದಿದ್ದವರು ಒಬ್ಬೊಬ್ಬರಾಗಿ ಪಿಟ್‌ಗೆ ಹೋಗಿ ಮಳೆ ಟೈರ್ ಹಾಕಿಸಿಕೊಂಡ್ರು. ಹೋಗದೇ ಉಳಿದವರಲ್ಲಿ ಟೊಯೋಟಾದ ಇಬ್ಬರು, ಟಿಮೊ ಗ್ಲಾಕ್ ಮತ್ತು ಯಾರ್ನೊ ಟ್ರುಲ್ಲಿ. ಮಳೆ ಜೋರಾಗೋದರೊಳಗೆ ಮುಗಿಸಿಬಿಡೋಣ ಅನ್ನೋ ಜೂಜು. ಇನ್ನೆರಡು ಸುತ್ತು ಇರುವಾಗ ಸೆಬಾಸ್ಟಿಯನ್ ವೆಟೆಲ್ ಹ್ಯಾಮಿಲ್ಟನ್‌ನ ದಾಟಿದ. ಹ್ಯಾಮಿಲ್ಟನ್ ಆರನೇ ಸ್ಥಾನಕ್ಕೆ ಬಿದ್ದ.

ಮಾಸಾ ಗೆರೆ ದಾಟಿದ. ಸ್ಟ್ಯಾಂಡ್ ಎದ್ದು ನಿಂತಿತು. ಫೆರಾರಿ ಗ್ಯಾರೇಜಿನಲ್ಲಿ ಅವರಪ್ಪ ಸಿಕ್ಕಸಿಕ್ಕವರನ್ನ ತಬ್ಬಿಕೊಂಡು ಕುಣಿದರು. ಅಷ್ಟರಲ್ಲಿ ಹಿಂದೆ, ಕೊನೆಯ ಏರಿಗೆ ಮುಂಚಿನ ಎಡ ತಿರುವಿನಲ್ಲಿ, ನಾಲ್ಕನೇ ಸ್ಥಾನದಲ್ಲಿದ್ದ ಗ್ಲಾಕ್‌ನ ಕಾರು ಒಣ ಟೈರಿನ ಮೇಲೆ ಐಸ್ ಮೇಲೆ ನಡೆದಂಗೆ ನಡೀತಿತ್ತು. ವೆಟೆಲ್ ದಾಟಿದ, ಅವನ ಬೆನ್ನಿಗೇ ಹ್ಯಾಮಿಲ್ಟನ್ ದಾಟಿದ. ಐದನೇ ಸ್ಥಾನ. ಮಾಸಾ ಗೆರೆ ದಾಟಿದ ಮೂವತ್ತೆಂಟು ಚಿಲ್ಲರೆ ಸೆಕೆಂಡ್ ಆದ ಮೇಲೆ ಚಾಂಪಿಯನ್ ಬದಲಾದ. ಫೆರಾರಿ ಗ್ಯಾರೇಜಿನಲ್ಲಿ ಯಾರೋ ಬಂದು ಇಲ್ಲ, ಇಲ್ಲ ಅಂತ ಹೇಳೋ ಆ ದೃಶ್ಯ ನೋಡಿದ್ದೀರಾ? ನಾನು ಹ್ಯಾಮಿಲ್ಟನ್ ಕಡೆಯವನು, ನನಗೂ ಅದನ್ನ ನೋಡೋಕೆ ಆಗಲ್ಲ. ಆರ್‌ಸಿಬಿ ನೋಡ್ಕೊಂಡು ಬೆಳೆದವರಿಗೆ ಕೊನೇ ಓವರಿನ ನೋವು ಏನು ಅಂತ ಬಿಡಿಸಿ ಹೇಳಬೇಕಿಲ್ಲ ಬಿಡಿ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಇಷ್ಟು ದೊಡ್ಡ ಸಂಕಟ ಆದಾಗ ಜನಕ್ಕೆ ಒಂದು ಹೆಸರು ಬೇಕು. ಸಿಕ್ಕ ಹೆಸರು ಗ್ಲಾಕ್. "ಬೇಕಂತ ಬಿಟ್ಟುಕೊಟ್ಟ", "ದುಡ್ಡು ತಗೊಂಡಿದಾನೆ" ಅಂತ ಶುರುವಾಯ್ತು. ಟ್ರ್ಯಾಕ್‌ನಲ್ಲೇ ಬೈದರು. ವರ್ಷಗಳ ಕಾಲ ದ್ವೇಷದ ಸಂದೇಶಗಳು ಬಂದವು ಅಂತ ಆತನೇ ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಇವತ್ತಿಗೂ ಆ ವಿಡಿಯೋ ಕೆಳಗೆ ಹೋಗಿ ನೋಡಿ, ಬೈಯೋರು ಇನ್ನೂ ಬೈತಾನೇ ಇದ್ದಾರೆ.

ನಾವು ಇಲ್ಲಿ ಕೂತಿರೋರು ಮುಕ್ಕಾಲು ಪಾಲು ಲಾಗ್ ನೋಡಿ ಹೊಟ್ಟೆ ಹೊರೆಯೋ ಜನ. ಹಾಗಾಗಿ ಲಾಗ್ ನೋಡೋಣ. ಗ್ಲಾಕ್ ಕೊನೇ ಸುತ್ತು ಒಂದು ನಿಮಿಷ 44 ಸೆಕೆಂಡಿನ ಮೇಲೆ ತಗೊಂಡ, ಅದರ ಹಿಂದಿನ ಸುತ್ತಿಗಿಂತ ಹದಿನೈದು ಸೆಕೆಂಡಿಗೂ ಹೆಚ್ಚು ನಿಧಾನ. ಅನುಮಾನ ಬರೋದು ಸಹಜ. ಆದ್ರೆ ಅದೇ ಕಾರು, ಅದೇ ಒಣ ಟೈರು, ಅದೇ ಮಳೆಯಲ್ಲಿ ಓಡಿಸಿದ ಇನ್ನೊಬ್ಬ ಇದ್ದನಲ್ಲ, ಟ್ರುಲ್ಲಿ? ಅವನ ಕೊನೇ ಸುತ್ತೂ ಒಂದು ನಿಮಿಷ 44 ಸೆಕೆಂಡಿನ ಮೇಲೇ. ಟ್ರುಲ್ಲಿಗೆ ಯಾರನ್ನೂ ಚಾಂಪಿಯನ್ ಮಾಡೋ ಅವಕಾಶ ಇರಲಿಲ್ಲ, ಅದಕ್ಕೇ ಅವನನ್ನ ಯಾರೂ ಬೈಯಲಿಲ್ಲ.

ಇನ್ನೊಂದು ಮಾತು, ಇದು ನನಗೆ ತುಂಬಾ ತಡವಾಗಿ ಹೊಳೆದದ್ದು. ಮಳೆ ಬರೋ ಮುಂಚೆ ಹ್ಯಾಮಿಲ್ಟನ್ ನಾಲ್ಕನೆಯವನು, ಗ್ಲಾಕ್ ಅವನಿಗಿಂತ ಹಿಂದೆ. ಗ್ಲಾಕ್ ಎಲ್ಲರ ಹಾಗೆ ಟೈರ್ ಬದಲಾಯಿಸಿದ್ರೆ ಹ್ಯಾಮಿಲ್ಟನ್ ನಾಲ್ಕರಲ್ಲೇ ಇರ್ತಿದ್ದ, ವೆಟೆಲ್ ದಾಟಿದ ಮೇಲೆ ಐದಕ್ಕೆ ಬರ್ತಿದ್ದ, ಆರಾಮಾಗಿ ಚಾಂಪಿಯನ್. ಅಂದ್ರೆ ಮಾಸಾ ಮೂವತ್ತೆಂಟು ಸೆಕೆಂಡ್ ಚಾಂಪಿಯನ್ ಆಗಿದ್ದೇ ಗ್ಲಾಕ್ ಆಡಿದ ಜೂಜಿನಿಂದ! ಬೈಯೋರು ಅವನಿಗೆ ಕೈ ಮುಗಿಯಬೇಕಿತ್ತು.

ಹಾಗಾದ್ರೆ ಆ ಒಂದು ಪಾಯಿಂಟ್ ಎಲ್ಲಿ ಹೋಯ್ತು? ವರ್ಷದ ಲಾಗ್ ತೆಗೀರಿ. ಹಂಗೇರಿಯಲ್ಲಿ ಮಾಸಾ ಮುಂದಿದ್ದ, ಇನ್ನು ಮೂರೇ ಸುತ್ತು ಇರುವಾಗ ಎಂಜಿನ್ ಕೈಕೊಟ್ಟಿತು. ಸಿಂಗಪುರದಲ್ಲಿ ಪಿಟ್‌ಗೆ ಬಂದಾಗ ಫೆರಾರಿಯವರ ದೀಪ, ಪೆಟ್ರೋಲ್ ಪೈಪ್ ಇನ್ನೂ ಕಾರಿಗೆ ಸಿಕ್ಕಿಕೊಂಡಿರುವಾಗಲೇ ಹಸಿರು ತೋರಿಸಿತು. ಮಾಸಾ ಪೈಪ್ ಎಳೆದುಕೊಂಡೇ ಹೊರಟ, ಕೊನೆಗೆ 13ನೇ ಸ್ಥಾನ. ಅವನು ಆ ಹೊತ್ತಿಗೆ ಪಿಟ್‌ಗೆ ಬಂದದ್ದು ಯಾಕೆ? ರೆನೋ ತಂಡದ ನೆಲ್ಸನ್ ಪಿಕೆ ಜೂನಿಯರ್ ಗೋಡೆಗೆ ಗುದ್ದಿದ್ದ, ಸೇಫ್ಟಿ ಕಾರ್ ಬಂದಿತ್ತು. ಆ ಗುದ್ದು ಬೇಕಂತಲೇ ಮಾಡಿದ್ದು, ಅವನ ತಂಡದ ಆಲೊನ್ಸೊ ಗೆಲ್ಲಲಿ ಅಂತ, ಅಂತ 2009ರಲ್ಲಿ ಹೊರಬಿತ್ತು. ನ್ಯಾಯವಾಗಿ ಇನ್ನೊಂದು ಕಡೆಯದೂ ಹೇಳಬೇಕು: ಬೆಲ್ಜಿಯಂನಲ್ಲಿ ಗೆದ್ದ ಹ್ಯಾಮಿಲ್ಟನ್‌ಗೆ 25 ಸೆಕೆಂಡ್ ದಂಡ ಹಾಕಿ ಆ ಗೆಲುವನ್ನ ಮಾಸಾಗೆ ಕೊಟ್ಟಿದ್ದರು. 18 ರೇಸ್, ಒಂದು ಪಾಯಿಂಟ್. ಬೈಸಿಕೊಂಡವನು ಮಾತ್ರ ಕೊನೇ ತಿರುವಿನಲ್ಲಿ ಸಿಕ್ಕವನು.

ಇದನ್ನ ನಾವು ಆಫೀಸಿನಲ್ಲಿ ನೋಡಿಲ್ವಾ? ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ತಿಂಗಳ ಕೊನೇ ರಾತ್ರಿ ಒಂದು ಬ್ಯಾಚ್ ಜಾಬ್ ಬಿತ್ತು. ಸಂಜೆ ಕೊನೆಗೆ ಡಿಪ್ಲಾಯ್ ಮಾಡಿದ್ದು ಹುಬ್ಬಳ್ಳಿ ಕಡೆಯ ಒಬ್ಬ ಹೊಸ ಹುಡುಗ. ಬೆಳಗಾಗೋದರೊಳಗೆ ನಲವತ್ತು ಜನ ಇರೋ ಮೇಲ್‌ನಲ್ಲಿ ಅವನ ಹೆಸರು ಓಡಾಡ್ತಿತ್ತು. ಎರಡು ದಿನ ಆದ ಮೇಲೆ ಗೊತ್ತಾಯ್ತು, ಹಳೇ ಲಾಗ್ ಅಳಿಸೋ ಸ್ಕ್ರಿಪ್ಟ್ ತಿಂಗಳುಗಳಿಂದ ನಿಂತೇ ಹೋಗಿತ್ತು, ಡಿಸ್ಕ್ ತುಂಬಿತ್ತು. "ಸರ್, ನಂದೇನೂ ಇರ್ಲಿಲ್ರಿ ಅದರಾಗ" ಅಂತ ಅವನು ಕ್ಯಾಂಟೀನಿನಲ್ಲಿ ಹೇಳಿದಾಗ ನಾನು ಹೌದಪ್ಪ ಅಂದೆ. ಅದೇ ನಲವತ್ತು ಜನಕ್ಕೆ ಮಾತ್ರ ಎರಡನೇ ಮೇಲ್ ಹೋಗಲೇ ಇಲ್ಲ. ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್ ಅನ್ನೋ ಸ್ಲೈಡ್ ಆ ಕಂಪನಿಯ ಟ್ರೈನಿಂಗ್‌ನಲ್ಲೂ ಇತ್ತು, ಅದೂ ಮೊದಲನೇ ದಿನವೇ.

ಗ್ಲಾಕ್ ಕಥೆ ಹಳೇದು, ಆಗ ಟ್ವಿಟರ್ ಇನ್ನೂ ಮಗು ಅಂತೀರಾ? ಹದಿಮೂರು ವರ್ಷ ಮುಂದೆ ಬನ್ನಿ. 2021ರ ಡಿಸೆಂಬರ್ 12, ಅಬುಧಾಬಿ. ಈ ಸಲ ಹ್ಯಾಮಿಲ್ಟನ್ ಮತ್ತು ಮ್ಯಾಕ್ಸ್ ವೆರ್ಸ್ಟಾಪೆನ್ ಇಬ್ಬರ ಹತ್ತಿರವೂ 369.5. ಹ್ಯಾಮಿಲ್ಟನ್ ಮುಂದಿದ್ದ. 58 ಸುತ್ತಿನ ರೇಸ್‌ನ 53ನೇ ಸುತ್ತಿನಲ್ಲಿ, ತೀರಾ ಹಿಂದೆ ಮಿಕ್ ಶುಮಾಕರ್ ಜೊತೆ ಗುದ್ದಾಡ್ತಿದ್ದ ವಿಲಿಯಮ್ಸ್ ತಂಡದ ನಿಕೊಲಸ್ ಲಟಿಫಿ ಗೋಡೆಗೆ ಹೊಡೆದ. ಸೇಫ್ಟಿ ಕಾರ್ ಬಂತು. ರೇಸ್ ಡೈರೆಕ್ಟರ್ ಮೈಕಲ್ ಮಾಸಿ ಒಂದು ಸುತ್ತು ಹಿಂದಿದ್ದ ಕಾರುಗಳಲ್ಲಿ ಹ್ಯಾಮಿಲ್ಟನ್ ಮತ್ತು ವೆರ್ಸ್ಟಾಪೆನ್ ನಡುವೆ ಇದ್ದ ಐದನ್ನ ಮಾತ್ರ ಮುಂದೆ ಬಿಟ್ಟು, ಒಂದೇ ಒಂದು ಸುತ್ತಿನ ರೇಸ್ ನಡೆಸಿದರು. ಹೊಸ ಟೈರ್ ಹಾಕಿಸಿಕೊಂಡಿದ್ದ ವೆರ್ಸ್ಟಾಪೆನ್ ದಾಟಿದ, ಚಾಂಪಿಯನ್ ಆದ. ನಿಯಮದಲ್ಲಿ ಬರೆದಿದ್ದ "ಎನಿ" ಅನ್ನೋ ಪದದ ಅರ್ಥ "ಎಲ್ಲ" ಅಂತಲೋ "ಯಾವುದಾದ್ರೂ" ಅಂತಲೋ ಅನ್ನೋದೇ ದೊಡ್ಡ ಜಗಳ ಆಯ್ತು. ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಓದಿ ತಲೆ ಚಚ್ಚಿಕೊಂಡವರಿಗೆ ಇದು ಹೊಸದಲ್ಲ. ಮುಂದಿನ ವರ್ಷ ಎಫ್‌ಐಎ ಮಾಸಿಯನ್ನ ಆ ಕೆಲಸದಿಂದ ಸರಿಸಿತು, ಆ ಪದವನ್ನೂ ಬದಲಾಯಿಸಿತು.

ಇದರಲ್ಲಿ ಲಟಿಫಿ ಮಾಡಿದ್ದೇನು? ಒಂದು ತಿರುವಿನಲ್ಲಿ ಜಾರಿದ, ಅಷ್ಟೆ. ಅವನಿಗೆ ಕೊಲೆ ಬೆದರಿಕೆ ಬಂತು. ಫೋನಿನಿಂದ ಇನ್‌ಸ್ಟಾಗ್ರಾಂ, ಟ್ವಿಟರ್ ತೆಗೆದುಹಾಕಿದ, ಲಂಡನ್‌ನಲ್ಲಿ ಓಡಾಡುವಾಗ ಕಾವಲು ಇಟ್ಟುಕೊಂಡ. ನಮ್ಮಲ್ಲಿ ಹಾಗಲ್ಲ ಅನ್ನಬೇಡಿ. 2022ರ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಅರ್ಶ್‌ದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟಾಗ ಆ ರಾತ್ರಿ ಏನೇನು ಬರೆದರು ಅಂತ ನಿಮಗೇ ನೆನಪಿದೆ.

ಕೋಪ ಬರಬಾರದು ಅಂತ ನಾನು ಹೇಳ್ತಿಲ್ಲ. ಕೋಪ ಬರದಿದ್ರೆ ರೇಸ್ ಯಾಕೆ ನೋಡಬೇಕು? ಅಬುಧಾಬಿ ರಾತ್ರಿ ನಾನೂ ರಿಮೋಟ್ ಸೋಫಾ ಮೇಲೆ ಎಸೆದೆ. ಮಾಸಿ ತೀರ್ಮಾನದ ಬಗ್ಗೆ ಬಂದ ಕೋಪದಿಂದ ನಿಯಮ ಬದಲಾಯ್ತು, ಅದು ಕೆಲಸಕ್ಕೆ ಬಂದ ಕೋಪ. ಲಟಿಫಿ ಮೇಲಿನ ಕೋಪದಿಂದ ಬದಲಾದದ್ದು ಲಟಿಫಿ ಮನೆಯಿಂದ ಹೊರಗೆ ಹೋಗೋ ರೀತಿ ಮಾತ್ರ.

ಕೊನೆಗೆ ಮಾಸಾ ವಿಷಯ ಹೇಳಿ ನಿಲ್ಲಿಸ್ತೀನಿ. ಆ ದಿನ ಪೋಡಿಯಂ ಮೇಲೆ ನಿಂತು ಕಣ್ಣೀರಲ್ಲೇ ಎದೆ ತಟ್ಟಿಕೊಂಡು ಜನರಿಗೆ ವಂದನೆ ಹೇಳಿದವನು, ಸುಮ್ಮನಾಗಿಬಿಟ್ಟ ಅಂದುಕೊಂಡಿದ್ದರು ಎಲ್ಲರೂ. 2024ರಲ್ಲಿ ಲಂಡನ್ನಿನ ಹೈಕೋರ್ಟ್‌ನಲ್ಲಿ ದಾವೆ ಹಾಕಿದ, ಸಿಂಗಪುರದ ಆ ಗುದ್ದಿನ ವಿಷಯವಾಗಿ. ಅವನು ಗೆಲ್ಲಬೇಕಾ ಅನ್ನೋದರ ಬಗ್ಗೆ ಇಲ್ಲೇ ಎರಡು ಪಾರ್ಟಿ ಆಗುತ್ತೆ, ಪ್ರಶ್ನೋತ್ತರದಲ್ಲಿ ಜಗಳ ಆಡೋಣ. ಆದ್ರೆ ಯಾರ ಮೇಲೆ ಹಾಕಿದ್ದಾನೆ ನೋಡಿ: ಎಫ್‌ಐಎ, ಫಾರ್ಮುಲಾ ಒನ್ ಮ್ಯಾನೇಜ್‌ಮೆಂಟ್, ಬರ್ನಿ ಎಕ್ಲೆಸ್ಟನ್. ಅದರಲ್ಲಿ ಗ್ಲಾಕ್ ಹೆಸರಿಲ್ಲ.

ಪ್ರಶ್ನೆ ಇದ್ರೆ ಕೇಳಿ.