ವ್ರತವೂ ದಂಡವೂ



ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ನೋಡಿದವರಲ್ಲಿ ಅನೇಕರು ಪಕ್ಕದ ಬಸ್ತಿಹಳ್ಳಿಗೆ ಹೋಗುವುದಿಲ್ಲ. ಹೋದವರೂ ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳಲ್ಲಿ ಮುಖ ನೋಡಿಕೊಂಡು ಹಿಂದಿರುಗುತ್ತಾರೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ ಬಸದಿ ಅದು. ಜೈನ ಗೃಹಸ್ಥನ ಐದು ಅಣುವ್ರತಗಳಲ್ಲಿ ಬ್ರಹ್ಮಚರ್ಯವೂ ಒಂದು. ಸಂಸಾರಿಯ ಪಾಲಿಗೆ ಅದರ ಅರ್ಥ ಸ್ವದಾರಸಂತೋಷ, ಎಂದರೆ ಕೈಹಿಡಿದವಳಲ್ಲೇ ತೃಪ್ತಿ. ಈ ವ್ರತವನ್ನು ತಾನಾಗಿ ಸ್ವೀಕರಿಸಬೇಕು. ತಪ್ಪಿದರೆ ಗುರುವಿನೆದುರು ಒಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕು.

ಇದೇ ಶೀಲದ ಕಾವಲನ್ನು ಸರಕಾರ ವಹಿಸಿಕೊಂಡರೆ ಏನಾಗುತ್ತದೆ? ಬಹಳ ದೂರ ಹುಡುಕಬೇಕಾಗಿಲ್ಲ. ಮೈಸೂರು ಸಂಸ್ಥಾನದಲ್ಲಿ 'ಸಮಯಾಚಾರ' ಎಂಬುದೊಂದು ಆದಾಯದ ಬಾಬು ಇತ್ತು. ಜಾತಿ ಕಟ್ಟಳೆ ಮೀರಿದವರಿಂದ ದಂಡ ವಸೂಲು ಮಾಡುವ ಹಕ್ಕನ್ನು ಸರಕಾರ ಇಜಾರದಾರನಿಗೆ ಗುತ್ತಿಗೆ ಕೊಡುತ್ತಿತ್ತು. ತಪ್ಪುಗಳು ಹೆಚ್ಚಿದಷ್ಟೂ ಅವನಿಗೆ ಲಾಭ! ನಡತೆಗೆಟ್ಟವಳೆಂಬ ಆರೋಪ ಹೊತ್ತ ಹೆಂಗಸಿನ ದಂಡವನ್ನು ಬಂಧುಗಳು ಕಟ್ಟದಿದ್ದರೆ ಇಜಾರದಾರ ಅವಳನ್ನು ಮಾರಿಬಿಡುತ್ತಿದ್ದ. ಬ್ರಾಹ್ಮಣ, ಕೋಮಟಿ ಹೆಂಗಸರಿಗೆ ಮಾರಾಟದಿಂದ ವಿನಾಯಿತಿ. ಅವರನ್ನು ಜಾತಿಯಿಂದ ಹೊರಹಾಕಿ, ತೋಳಿಗೆ ಬರೆ ಹಾಕಿ, ಬದುಕಿರುವವರೆಗೂ ವರ್ಷವರ್ಷ ಹಣ ಕೀಳುತ್ತಿದ್ದರು. ಸತ್ತ ಮೇಲೆ ಆಸ್ತಿಯೂ ಅವನದೇ. ಬೆಂಗಳೂರಿನಲ್ಲಿ ಇಂಥ ಹೆಂಗಸರನ್ನು ಇರಿಸಲೆಂದೇ ಒಂದು ದೊಡ್ಡ ಕಟ್ಟಡವಿತ್ತು. 1831ರಲ್ಲಿ ಬ್ರಿಟಿಷರು ಆಡಳಿತ ವಹಿಸಿಕೊಂಡ ಮೇಲೂ ಈ ವ್ಯಾಪಾರ ನಿಲ್ಲಲಿಲ್ಲ. 1833ರ ಜುಲೈನಲ್ಲಿ ಕಮಿಷನರುಗಳು ಪ್ರತ್ಯೇಕ ಘೋಷಣೆಯನ್ನೇ ಹೊರಡಿಸಬೇಕಾಯಿತು.

ಮುಂದೆ ಬಂದ ಕಾನೂನು ಇಷ್ಟು ಒರಟಾಗಿರಲಿಲ್ಲ, ನಿಜ. ಆದರೆ ದೃಷ್ಟಿ? ಮೆಕಾಲೆಯ 1837ರ ಕರಡಿನಲ್ಲಿ ಹಾದರ ಅಪರಾಧವೆಂದು ಸೇರಿರಲಿಲ್ಲ; 1860ರ ದಂಡಸಂಹಿತೆಯಲ್ಲಿ 497ನೇ ಕಲಮಾಗಿ ಸೇರಿತು. ಪರರ ಹೆಂಡತಿಯನ್ನು ಕೂಡಿದ ಗಂಡಸಿಗೆ ಐದು ವರ್ಷದವರೆಗೆ ಸೆರೆ. ಗಂಡನ ಒಪ್ಪಿಗೆಯಿದ್ದರೆ ಮಾತ್ರ ಅಪರಾಧವೇ ಇಲ್ಲ! ಗಂಡ ದಾರಿ ತಪ್ಪಿದರೆ ಹೆಂಡತಿ ದೂರು ಕೊಡುವಂತಿರಲಿಲ್ಲ. ಶೀಲರಕ್ಷಣೆಯ ಕಾನೂನಾಗಿದ್ದರೆ ಗಂಡನ ಒಪ್ಪಿಗೆಗೆ ಅದರಲ್ಲೇನು ಕೆಲಸ? ಹೊಲದ ಒಡೆಯ ಬೇಲಿ ತೆಗೆದರೆ ದನ ನುಗ್ಗಿದ್ದು ತಪ್ಪಲ್ಲ ಎಂಬ ನ್ಯಾಯ ಇದು. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 27ರಂದು ಒಮ್ಮತದಿಂದ ಈ ಕಲಮನ್ನು ರದ್ದುಪಡಿಸಿತು.

ಹಾಗಾದರೆ ಮದುವೆಗೆ ಬೆಲೆಯೇ ಇಲ್ಲವೇ ಎಂದು ಕೇಳುವವರಿದ್ದಾರೆ. ಅವರ ಆತಂಕವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಮೋಸಹೋದವರ ಸಂಕಟ ಸಣ್ಣದಲ್ಲ. ಅವರಿಗೆ ಸಿವಿಲ್ ನ್ಯಾಯಾಲಯದ ಬಾಗಿಲು ತೆರೆದೇ ಇದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ವ್ಯಭಿಚಾರ ಇಂದಿಗೂ ವಿಚ್ಛೇದನಕ್ಕೆ ಕಾರಣ, ಗಂಡಹೆಂಡಿರಿಬ್ಬರಿಗೂ.

ಪೊಲೀಸರು ಬರಲೇಬೇಕಾದ ಜಾಗವೂ ಉಂಟು. ದೇವದಾಸಿ ಪದ್ಧತಿಯಲ್ಲೂ ಇರುವುದು ಹರಕೆಯೇ. ಆದರೆ ಬಸ್ತಿಹಳ್ಳಿಯ ವ್ರತದಂತೆ ಅಲ್ಲ: ಹೊರುವವರು ಹಿರಿಯರು, ತೀರಿಸಬೇಕಾದವಳು ಏನೂ ಅರಿಯದ ಹುಡುಗಿ. ಮೈಸೂರು ಸರಕಾರ 1909ರಲ್ಲೇ ತನ್ನ ಮುಜರಾಯಿ ದೇವಾಲಯಗಳಲ್ಲಿ ಈ ಸೇವೆಯನ್ನು ನಿಲ್ಲಿಸಿತು. ಕರ್ನಾಟಕದ 1982ರ ಕಾಯ್ದೆ ಮಗಳನ್ನು ಬಿಟ್ಟ ತಂದೆತಾಯಿಗಳಿಗೆ ಬೇರೆಯವರಿಗಿಂತ ಹೆಚ್ಚಿನ ಶಿಕ್ಷೆಯನ್ನು ಇಟ್ಟಿತ್ತು: ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷದವರೆಗೆ ಸೆರೆ.